ಲಕ್ಷ್ಮಣನ ಸಂಕ

ಅಂಕೋಲೆ

ವಿಮಾನ ಹತ್ತದವರು ಪ್ರವಾಸ ಕಥನ ಬರೆಯಬಾರದು ಎಂಬ ನಿಯಮವಿದ್ದರೆ ಇದನ್ನು ಇಲ್ಲಿಗೇ ಬಿಡಬಹುದು. ನಾವು ಹೋದದ್ದು ಹೃಷೀಕೇಶಕ್ಕೆ, ಬಸ್ಸು ಮತ್ತು ರೈಲಿನಲ್ಲಿ. ಆದರೆ ನಮ್ಮ ಕಡೆಯವರಿಗೆ ಅರಬೈಲು ಘಟ್ಟದ ಮೇಲಿನದೆಲ್ಲ ಪರದೇಶವೇ. ಯಲ್ಲಾಪುರದ ಖಾನಾವಳಿಯಲ್ಲಿ ಮೀನಿಲ್ಲದ ಊಟ ಬಡಿಸಿದಾಗಲೇ ಮಾವ, "ದೇಶ ಬಿಟ್ಟಾಯ್ತು" ಎಂದು ಘೋಷಿಸಿದ್ದ.

ಮಾವ ಎಂದರೆ ನನ್ನ ತಾಯಿಯ ಅಣ್ಣ ಬೊಮ್ಮಯ್ಯ. ಬೇಲೆಕೇರಿ ಹತ್ತಿರದ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗ. ಆಚೆ ದಡದಲ್ಲಿ ಯಾರಾದರೂ ನಿಂತು "ಓ... ದೋಣೀ" ಎಂದು ಕೂಗಿದರೆ ಈಚೆಯಿಂದ ಮಾವ "ಎಷ್ಟ್ ಜನಾ?" ಎಂದು ಕೇಳುತ್ತಿದ್ದ. ಉತ್ತರ ಏನೇ ಬಂದರೂ ಹೊರಡುತ್ತಿದ್ದ. ಒಬ್ಬನೇ ಇದ್ದರೂ ಹೊರಡಬೇಕು, ನಿನ್ನೆ ಜಗಳ ಆಡಿದವನಾದರೂ ಹೊರಡಬೇಕು, ಉಣ್ಣುತ್ತಿದ್ದರೆ ಕೈ ತೊಳೆದು ಹೊರಡಬೇಕು. ಕೂಗಿದವರನ್ನು ದಡದಲ್ಲಿ ಬಿಡಬಾರದು ಎಂಬುದು ಅವನ ಅಪ್ಪ ಕಲಿಸಿದ ಪಾಠ. ಹಾಗಾದರೆ ಎಷ್ಟು ಜನ ಎಂದು ಕೇಳುವುದು ಯಾಕೆ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ಕೇಳ್ದೆ ಹೋದ್ರೆ, ಇಂವ ನಮ್ಗೇ ಕಾಯ್ತಾ ಕುಂತಿದ್ದ ಅಂದ್ಕಂತ್ರು" ಎಂದಿದ್ದ.

ಆಮೇಲೆ ಹೊಳೆಗೆ ಸೇತುವೆ ಬಂತು. ಬಂದರಿಗೆ ಅದಿರು ಒಯ್ಯುವ ಲಾರಿಗಳು ಅದರ ಮೇಲೆ ಹೋದವು, ಅವುಗಳ ಹಿಂದೆ ಜನರೂ ಹೋದರು. ಮಾವ ಅದರ ಮೇಲೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ. ಅದರ ಮೇಲೆ ಮಾತ್ರವಲ್ಲ, ಲೋಕದ ಯಾವ ಸೇತುವೆಯ ಮೇಲೂ. ಶಪಥ ಮಾಡುವ ಮೊದಲು ಮನುಷ್ಯ ಊರಿನ ಭೂಗೋಳವನ್ನು ಸ್ವಲ್ಪ ನೋಡಿಕೊಳ್ಳಬೇಕು. ಅವನ ಒಬ್ಬಳೇ ಮಗಳು ಶಾಂತಿಯನ್ನು ಕೊಟ್ಟದ್ದು ಆಚೆ ದಡಕ್ಕೆ.

ಮೊದಮೊದಲು ತನ್ನ ದೋಣಿಯಲ್ಲೇ ಮಗಳ ಮನೆಗೆ ಹೋಗಿ ಬರುತ್ತಿದ್ದ. ದೋಣಿ ತಳ ಬಿಟ್ಟಿತು. ಇನ್ನೊಬ್ಬರ ದೋಣಿಯಲ್ಲಿ ಪ್ರಯಾಣಿಕನಾಗಿ ಕೂರಲು ಅವನಿಗೆ ಬರುವುದಿಲ್ಲ. ಬಸ್ಸು ಆ ದಾರಿಗೆ ಇನ್ನೂ ಬಂದಿರಲಿಲ್ಲ. ರಿಕ್ಷಾದಲ್ಲಿ ಕಾಲು ಮೇಲೆತ್ತಿ ಕೂತು ಬನ್ನಿ, ಶಪಥಕ್ಕೆ ಧಕ್ಕೆಯಾಗದು ಎಂದು ಅಳಿಯ ಉಪಾಯ ಹೇಳಿದ. "ಮಗ್ಳ ಮನೆಗೆ ಕಾಲೆತ್ಕಂಡ್ ಹೋಗೂ ಹಣೆಬರ ನಂಗ್ ಬಂದಿಲ್ಲ" ಎಂದ ಮಾವ. ಶಾಂತಿ ಹೊಸ ಮನೆ ಕಟ್ಟಿ ಒಕ್ಕಲಾದ ದಿನವೂ ಹೋಗಲಿಲ್ಲ. ಅವಳೂ ಅಪ್ಪನ ಮಗಳೇ. "ಅಪ್ಪ ನಮ್ಮನೆ ಮೆಟ್ಲು ಹತ್ತೂ ತನಕ ನಾನೂ ಬರೂದಿಲ್ಲ" ಎಂದು ಹೇಳಿಕಳಿಸಿದಳು.

ಅಂದಿನಿಂದ ಅಪ್ಪ ಈ ದಡ, ಮಗಳು ಆ ದಡ. ಒಬ್ಬರ ಅಂಗಳದಲ್ಲಿ ಬಟ್ಟೆ ಒಣಗುವುದು ಇನ್ನೊಬ್ಬರಿಗೆ ಕಾಣುತ್ತದೆ. ಮೊಮ್ಮಗಳು ನಡೆಯಲು ಕಲಿತದ್ದನ್ನು ಮಾವ ಹೊಳೆಯ ಈಚೆಯಿಂದ ನೋಡಿದ, ನೋಡುತ್ತಿಲ್ಲ ಎಂಬ ಹಾಗೆ ಹಳೇ ಬಲೆ ಹೊಲಿಯುತ್ತ. ಆ ಬಲೆಗೆ ಅಷ್ಟು ಹೊಲಿಗೆ ಬೇಕಿರಲಿಲ್ಲ.

ಗಂಗಾಸ್ನಾನದ ಮಾತು ಎತ್ತಿದವಳು ಅತ್ತೆ ಹೊನ್ನಮ್ಮ. ನಾನು ಕದ್ರಾ ಅಣೆಕಟ್ಟಿನಲ್ಲಿ ಕರೆಂಟಿನ ಕೆಲಸದಲ್ಲಿದ್ದೆ. ಅಲ್ಲಿ ಉತ್ತರದ ಕಡೆಯವರೂ ಇದ್ದದ್ದರಿಂದ ನನಗೆ ಹಿಂದಿ ಬರುತ್ತದೆ ಎಂಬ ಪ್ರತೀತಿ ಹಬ್ಬಿತ್ತು. ನನ್ನ ಹಿಂದಿಯಲ್ಲಿ ಚಹ ತರಿಸಬಹುದು, ಸ್ವಿಚ್ ಆರಿಸಲು ಹೇಳಬಹುದು. ಅಷ್ಟನ್ನು ನಂಬಿ ಇಬ್ಬರೂ ಹೊರಟರು.

ರೈಲು

ರೈಲು ನದಿ ದಾಟುವಾಗಲೆಲ್ಲ ಮಾವ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕುತ್ತಿದ್ದ. ಬೇರೆಯವರ ಹೊಳೆಗೆ ಈ ರಿಯಾಯಿತಿ ಇತ್ತು. ಸೇತುವೆ ಮುಗಿದ ಕೂಡಲೇ ಕಾಲು ಇಳಿಸುತ್ತಿದ್ದ. ನಮ್ಮ ದೇಶದಲ್ಲಿ ಇಷ್ಟೊಂದು ನದಿಗಳಿವೆ ಎಂಬುದು ನನಗೆ ಶಾಲೆಯಲ್ಲಿ ತಿಳಿಯದೆ ಅವನ ಮೊಣಕಾಲಿನಿಂದ ತಿಳಿಯಿತು. ಎದುರು ಕೂತಿದ್ದ ಮರಾಠಿ ಅಜ್ಜಿಯೊಬ್ಬಳು ಇದು ಯಾವುದೋ ವ್ರತವೆಂದು ಭಾವಿಸಿ, ಗೋದಾವರಿ ಬಂದಾಗ ತಾನೂ ಕಾಲು ಎತ್ತಿ ಕೈಮುಗಿದಳು.

ಮಾವ ಮಲಗಿದ್ದಾಗ ಅತ್ತೆ ನನ್ನ ಕಿವಿಯ ಹತ್ತಿರ ಬಂದಳು.

"ತಮ್ಮಾ, ಅಲ್ಲಿ ಗಂಗೆ ಮೇಲೆ ಲಕ್ಷ್ಮಣನ ಸಂಕ ಅದೆ ಅಂತೆ. ದೇವ್ರ ಸಂಕ. ಅದ್ನ ದಾಟೂದಿಲ್ಲ ಅನ್ನೂಕೆ ಬಾಯಿ ಬರೂದಿಲ್ಲ ಅವ್ರಿಗೆ. ಒಂದ್ಸಲ ಕಾಲಿಟ್ರೆ ಶಪಥ ಹೋಯ್ತು. ಆಮೇಲೆ ಮಗ್ಳ ಮನೆಗೆ ಹೋಗೂಕೆ ಎಂತ ಅಡ್ಡಿ?"

ಗಂಗಾಸ್ನಾನ ನೆಪ, ಗುರಿ ಶಾಂತಿಯ ಮನೆಯ ಮೆಟ್ಟಿಲು. ಅಷ್ಟು ದೂರ ಸುತ್ತು ಹಾಕಿ ಹೊಳೆಯ ಆಚೆ ದಡ ಮುಟ್ಟುವ ಯೋಜನೆಯನ್ನು ನಮ್ಮ ಇಂಜಿನಿಯರರೂ ಹಾಕಲಾರರು.

ಮಲಗಿದ್ದ ಮಾವ ಮಲಗಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದ: "ಅದು ಸಂಕ ಅಲ್ಲ. ಕಬ್ಬಿಣದ ಸೇತುವೆ. ಫೋಟೋ ನೋಡಿದ್ದೆ."

"ಎಲ್ಲಾ ಒಂದೇಯ" ಎಂದಳು ಅತ್ತೆ.

"ಒಂದೇ ಹ್ಯಾಂಗಾಗ್ತದೆ? ಸಂಕ ಅಂದ್ರೆ ನಾವೇ ಹಾಕೂದು. ನಾಕು ಅಡಕೆ ಮರ, ಬಳ್ಳಿ ಕಟ್ಟು. ಮಳೆಗಾಲದಲ್ಲಿ ಹೊಳೆ ತಕಂಡ್ ಹೋಗ್ತದೆ, ಮತ್ತೆ ಹಾಕೂದು. ಕಾಲಿಟ್ರೆ ಅಲ್ಲಾಡ್ತದೆ. ಯಾರೋ ಬಂದ್ರು ಅಂತ ಅದಕ್ಕೆ ಗೊತ್ತಾಗ್ತದೆ. ಸೇತುವೆ ಅಲ್ಲಾಡೂದಿಲ್ಲ. ಯಾರ್ ಬಂದ್ರೂ ಯಾರ್ ಹೋದ್ರೂ ಅದಕ್ಕೆ ಗೊತ್ತೇ ಇಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರು ಮಾಡಿದ. "ಅಣ್ಣ ಗಂಗೆ ದಾಟೂಕೆ ಅಂಬಿಗನ್ನ ಕರ್ದ. ತಮ್ಮ ಬಂದು ಸೇತುವೆ ಕಟ್ದ. ಆ ಅಂಬಿಗನ ಹೆಂಡ್ತಿ ಅವತ್ತು ಎಂತ ಉಂಡ್ಳು, ಯಾರಾರೂ ಬರ್ದಿದ್ರ?"

ಯಾರೂ ಬರೆದದ್ದು ನನಗೆ ಗೊತ್ತಿರಲಿಲ್ಲ. ಹೊಳೆಯನ್ನು ಕಟ್ಟಿ ಹಾಕಿ ಸಂಬಳ ತೆಗೆದುಕೊಳ್ಳುವ ನನ್ನಂಥವನನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವನೇ ತೀರ್ಮಾನಿಸಿ ಮಗ್ಗುಲು ಬದಲಿಸಿದ.

ಹರಿದ್ವಾರ

ಹರಿದ್ವಾರದಲ್ಲಿ ಗಂಗೆ ಕಾಲು ಕೊರೆಯುವಷ್ಟು ತಣ್ಣಗೆ. ಜನರು ಸರಪಳಿ ಹಿಡಿದು ಮುಳುಗುತ್ತಾರೆ, ಇಲ್ಲದಿದ್ದರೆ ನದಿ ಅವರನ್ನು ಮುಂದಿನ ಊರಿನ ಭಕ್ತರನ್ನಾಗಿ ಮಾಡುತ್ತದೆ. ಮಾವ ಸರಪಳಿ ಮುಟ್ಟಲಿಲ್ಲ. ನೀರಿನಲ್ಲಿ ನಿಂತು ಸೆಳೆತ ಯಾವ ಕಡೆ ಎಂದು ನೋಡಿದ, ಹಿಟ್ಟು ಹಿಡಿದು ನೋಡುವಂತೆ ನೀರನ್ನು ಬೆರಳಲ್ಲಿ ಉಜ್ಜಿದ. "ಅಡ್ಡಿಲ್ಲ, ಹೊಳೆ ಚಲೋ ಅದೆ" ಎಂದ. ಗಂಗಾಮಾತೆಗೆ ಅವನಿಂದ ಸಿಕ್ಕ ಸ್ತೋತ್ರ ಅಷ್ಟೇ.

ತೊಂದರೆ ಆದದ್ದು ಮೀನಿನಿಂದ. ಸ್ನಾನಘಟ್ಟದ ಮೆಟ್ಟಿಲಿನ ಬಳಿ ತೋಳಿನಷ್ಟು ದಪ್ಪದ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ. ಯಾತ್ರಿಕರು ಹಿಟ್ಟಿನ ಉಂಡೆ ಎಸೆಯುತ್ತಾರೆ. ಹೆದರಿಕೆ ಎಂಬುದೇ ಆ ಮೀನುಗಳಿಗಿಲ್ಲ. ಊರು ಬಿಟ್ಟ ಮೇಲೆ ಆಲೂಗಡ್ಡೆ ಬಿಟ್ಟು ಬೇರೇನೂ ಕಾಣದ ಮಾವ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅವನ್ನು ನೋಡಿದ. ಪಕ್ಕದವನೊಬ್ಬ ಅವನ ಏಕಾಗ್ರತೆ ಕಂಡು ಒಂದು ಉಂಡೆ ಕೊಟ್ಟ. ಮಾವ ಎಸೆಯದೆ ಕೈಯಲ್ಲೇ ಇಟ್ಟುಕೊಂಡ. ಒಂದು ಮೀನು ಹತ್ತಿರ ಬಂದು ಅವನ ಮುಖ ನೋಡಿತು. ಅದಕ್ಕೇನು ತಿಳಿಯಿತೋ, ತಿರುಗಿ ಹೋಯಿತು. "ನಮ್ ಗುರ್ತು ಸಿಕ್ತು ಅದ್ಕೆ" ಎಂದ ಮಾವ, ಸ್ವಲ್ಪ ಹೆಮ್ಮೆಯಿಂದಲೇ.

ಹೃಷೀಕೇಶ

ಬಸ್ಸಿನಿಂದ ಇಳಿದ ತಕ್ಷಣ ನಾನು ಚೀಲಗಳನ್ನು ಇಳಿಸುತ್ತಿದ್ದೆ. ಅತ್ತೆಗೆ ತಡೆಯಲಿಲ್ಲ. ವೀಳ್ಯದ ಅಂಗಡಿಯವನ ಹತ್ತಿರ ಹೋಗಿ, "ಭಾಯಿ, ಸಂಕ ಕಿದರ್ ಹೈ?" ಎಂದು ಕೇಳಿದಳು. ಅವನು ತುಂಬ ಮರ್ಯಾದಸ್ಥ. ತಲೆ ತಗ್ಗಿಸಿ, ಮುಖ ನೋಡದೆ, ಗೋಡೆಯ ಹಿಂಭಾಗಕ್ಕೆ ಕೈ ತೋರಿಸಿದ. ಅತ್ತೆ ಹೋದಳು. ಅಲ್ಲಿದ್ದದ್ದು ಹೆಂಗಸರ ಪಾಯಿಖಾನೆ.

ನಮ್ಮ ಶಾಲೆಯ ಮಾಸ್ತರರು ಲಘುಶಂಕೆ ಎನ್ನುತ್ತಿದ್ದ ಮಾತು ಇಲ್ಲಿ ಬೀದಿಯಲ್ಲೂ ನಡೆಯುತ್ತದೆ ಎಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯುವ ಮೊದಲು ಅತ್ತೆ ತಿರುಗಿ ಬಂದು ಇನ್ನೊಬ್ಬನನ್ನು ಹಿಡಿದಿದ್ದಳು. ಈ ಸಲ ಸಂಶಯಕ್ಕೆ ಎಡೆಯಿರಬಾರದೆಂದು ಪೂರ್ತಿ ಕೇಳಿದಳು: "ಲಕ್ಷ್ಮಣ್ ಕಾ ಸಂಕ." ಅವನು ಕಾವಿ ಉಟ್ಟಿದ್ದ. ಒಂದು ಕ್ಷಣ ಆಲೋಚಿಸಿ, ಅಂಥ ಸ್ಥಳ ಯಾವ ಪುರಾಣದಲ್ಲೂ ಇಲ್ಲ ಎಂದು ಗಟ್ಟಿಯಾಗಿ ಹೇಳಿ ಹೋದ.

"ಝೂಲಾ ಅನ್ನಬೇಕು ಅತ್ತೆ" ಎಂದೆ.

"ಝೂಲಾ ಅಂದ್ರೆ ಜೋಕಾಲಿ ಅಲ್ದಾ? ಈ ವಯಸ್ಸಲ್ಲಿ ಜೋಕಾಲಿ ಎಲ್ಲದೆ ಅಂತ ಕೇಳ್ಲಾ?" ಎಂದಳು. ಪಾಯಿಖಾನೆ ಹೇಗಿತ್ತು ಎಂದು ಮಾವ ವಿಚಾರಿಸಿದ. "ಅಡ್ಡಿಲ್ಲ. ಬಂದದ್ದು ಬಂದಾಯ್ತು, ಮುಗ್ಸ್ಕಂಡೇ ಬಂದೆ" ಎಂದಳು.

ಈಚೆ ದಡ

ಲಕ್ಷ್ಮಣ ಝೂಲಾ ಎರಡು ಗುಡ್ಡಗಳ ನಡುವೆ ತಂತಿಗಳಿಂದ ತೂಗುವ ಕಾಲುಸೇತುವೆ. ಅಗಲ ನಮ್ಮ ಪಡಸಾಲೆಯಷ್ಟೂ ಇಲ್ಲ. ಆ ಅಗಲದಲ್ಲಿ ಯಾತ್ರಿಕರು, ಹಾಲಿನವನು, ಸ್ಕೂಟರು, ಕೆಲಸವಿಲ್ಲದ ಒಂದು ದನ, ಕೆಲಸವೇ ಅದಾದ ಮಂಗಗಳು, ಎಲ್ಲರೂ ಎರಡೂ ಕಡೆಯಿಂದ ದಾಟುತ್ತಾರೆ. ಯಾರೂ ಜಗಳ ಆಡುವುದಿಲ್ಲ. ಅಂಕೋಲೆಯ ಪೇಟೆಯಲ್ಲಿ ಎರಡು ಸೈಕಲ್ಲು ಎದುರಾದರೆ ಇದಕ್ಕಿಂತ ಹೆಚ್ಚು ಮಾತು ಖರ್ಚಾಗುತ್ತದೆ.

ಹೂ ಮಾರುವವನು ಸ್ಥಳಪುರಾಣ ಹೇಳಿದ. ಲಕ್ಷ್ಮಣ ಹಗ್ಗದ ಮೇಲೆ ದಾಟಿದನಂತೆ. ಬಹಳ ಕಾಲ ಹಗ್ಗದ್ದೇ ಇತ್ತಂತೆ. ಆಮೇಲೆ ಕಟ್ಟಿದ್ದನ್ನು ಗಂಗೆ ಕೊಚ್ಚಿಕೊಂಡು ಹೋದಳು, ಈಗಿನದು ಬ್ರಿಟಿಷರ ಕಾಲದ್ದು. ನಾನು ಅನುವಾದ ಮಾಡಿದೆ. ಗಂಗೆ ಕೊಚ್ಚಿಕೊಂಡು ಹೋದಳು ಎಂಬಲ್ಲಿ ಮಾವ ತಲೆ ಆಡಿಸಿದ, ಉಳಿದದ್ದು ಅವನಿಗೆ ಬೇಕಿರಲಿಲ್ಲ.

"ದಾಟುವಾ" ಎಂದಳು ಅತ್ತೆ.

"ನೀವು ಹೋಗಿ ಬನ್ನಿ. ನಾ ಇಲ್ಲೇ ಕೂತ್ಕಂತೆ."

ಕೆಳಗಡೆ ಮೋಟಾರು ದೋಣಿ ಇದೆಯಂತೆ ಎಂದು ನಾನು ಹೇಳಿ ನೋಡಿದೆ. ಮೋಟಾರು ಯಾರ ಕೂಗಿಗೂ ಓಗೊಡುವುದಿಲ್ಲ, ಅದು ದೋಣಿಯಲ್ಲ ಎಂದ. ದೇವರ ಕೆಲಸ ಎಂದಳು ಅತ್ತೆ. ದೇವರಿಗೆ ಈಚೆ ದಡದಿಂದಲೂ ಕಾಣುತ್ತದೆ ಎಂದ. ಅಷ್ಟು ಹೇಳಿ ಸೇತುವೆಯ ಬುಡದಲ್ಲಿ ಕಲ್ಲಿನ ಮೇಲೆ, ಪಂಚೆ ಮೊಣಕಾಲಿನವರೆಗೆ ಎತ್ತಿ, ಹೊಳೆ ನೋಡುತ್ತ ಕೂತ. ಅಂಗಿಯನ್ನು ಬೆಳಗಿನ ಸ್ನಾನದ ನಂತರ ಹಾಕಿರಲಿಲ್ಲ. ಬಿಳಿ ಗಡ್ಡ ಎದೆಯವರೆಗಿತ್ತು. ಉತ್ತರದ ಹೆಂಗಸೊಬ್ಬಳು ಬಂದು ಕಾಲು ಮುಟ್ಟಿ ಒಂದು ಬಾಳೆಹಣ್ಣು ಇಟ್ಟಳು. ಅವಳನ್ನು ನೋಡಿ ಹಿಂದಿನವರು ಇಟ್ಟರು. ಬಾಬಾಜಿ ಸೇತುವೆ ದಾಟದೆ ಕೂತದ್ದು ಯಾವ ಸಾಧನೆ ಎಂದು ಒಬ್ಬ ನನ್ನನ್ನು ಕೇಳಿದ. ಬಹಳ ಹಳೆಯ ಸಾಧನೆ ಎಂದೆ. ಅವನು ಎರಡು ಹಣ್ಣು ಹೆಚ್ಚಿಗೆ ಇಟ್ಟ.

ಅತ್ತೆ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ಇಲ್ಲಿಗೆ ಬಂದೂ ಆಗಲಿಲ್ಲವೆಂದರೆ ಇನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ನನಗೆ ಮಾವನ ಮೇಲೆ ನಿಜಕ್ಕೂ ಸಿಟ್ಟು ಬಂತು. ಒಬ್ಬ ಮನುಷ್ಯ ತನ್ನ ದುಃಖವನ್ನು ಇಷ್ಟು ಮುದ್ದು ಮಾಡಿ ಸಾಕಬಾರದು ಅನಿಸಿತು.

ನಡುಹೊಳೆ

ಅತ್ತೆ ಮುಂದೆ, ನಾನು ಹಿಂದೆ. ಸ್ವಲ್ಪ ದೂರ ಹೋಗುತ್ತಲೇ ಕಾಲಡಿ ತೂಗಲು ಶುರುವಾಯಿತು. ಕೆಳಗೆ ಬಹಳ ಆಳದಲ್ಲಿ ಗಂಗೆ ಹಸಿರಾಗಿ ಓಡುತ್ತಿತ್ತು. ಸರಿ ನಡುವೆ ಬಂದಾಗ ಎದುರಿನಿಂದ ಸ್ಕೂಟರು, ಹಿಂದಿನಿಂದ ದನ. ಅತ್ತೆ ಪಕ್ಕದ ತಂತಿ ಹಿಡಿದು ಕೂತುಬಿಟ್ಟಳು.

"ಏಳು ಅತ್ತೆ."

"ಕಾಲು ಬತ್ತಿಲ್ಲ."

ಎಬ್ಬಿಸಲು ನೋಡಿದೆ. ತಂತಿ ಬಿಡಲಿಲ್ಲ. ಸುತ್ತ ಜನ ಸೇರಿದರು. ಒಬ್ಬ ನೀರು ಕೊಟ್ಟ, ಇನ್ನೊಬ್ಬ ರಾಮನಾಮ ಹೇಳಿಕೊಟ್ಟ, ಮಂಗ ಅವಳ ಚೀಲ ಪರೀಕ್ಷಿಸಿತು. ಆಗ ಅತ್ತೆ ಕಣ್ಣು ಮುಚ್ಚಿ, ನಾವು ಬಂದ ದಡದ ಕಡೆ ಮುಖ ತಿರುಗಿಸಿ, ಎದೆಯ ತಳದಿಂದ ಕೂಗಿದಳು.

"ಓ... ದೋಣೀ..."

ನಮ್ಮೂರಲ್ಲಿ ಸೇತುವೆ ಆದ ಮೇಲೆ ಆ ಕೂಗು ನಾನು ಕೇಳಿರಲಿಲ್ಲ. ಸುತ್ತಲಿದ್ದವರಿಗೆ ಅದರ ಮೊದಲ ಅಕ್ಷರ ಮಾತ್ರ ಅರ್ಥವಾಯಿತು. ಓಂಕಾರವೆಂದು ತಿಳಿದು ಕೆಲವರು "ಹರಿ ಓಂ" ಎಂದರು.

ದಡದಲ್ಲಿ ಮಾವ ಎದ್ದು ನಿಂತಿದ್ದ. ಮಡಿಲಿನ ಬಾಳೆಹಣ್ಣು ಉರುಳಿದವು. ಅವನಿಗೆ ನಾವಿಬ್ಬರೂ ಕಾಣುತ್ತಿದ್ದೆವು. ಆದರೂ ಎರಡೂ ಕೈಯನ್ನು ಬಾಯಿಗೆ ಹಿಡಿದು ಕೇಳಿದ:

"ಎಷ್ಟ್ ಜನಾ?"

"ಒಂದೇಯ" ಎಂದಳು ಅತ್ತೆ. ನಾನು ಲೆಕ್ಕದಲ್ಲಿರಲಿಲ್ಲ.

ಮಾವ ಪಂಚೆ ಬಿಗಿದು ಹೊರಟ. ಸೇತುವೆಯ ಮೇಲೆ ಕಾಲಿಟ್ಟದ್ದು ಅವನಿಗೆ ತಿಳಿಯಿತೋ ಇಲ್ಲವೋ ಹೇಳಲಾರೆ. ಮೊಣಕಾಲು ಕೊಂಚ ಬಗ್ಗಿಸಿ, ಪಾದ ಅಗಲ ಮಾಡಿ, ತೂಗುವ ದಿಕ್ಕಿಗೇ ಮೈ ಬಿಟ್ಟು ಬಂದ. ಜನ ದಾರಿ ಬಿಟ್ಟರು, ದನವೂ ಬಿಟ್ಟಿತು. ಬಂದವನು ಅತ್ತೆಯ ಕೈ ಹಿಡಿದು, "ಏಳು, ಸೆಳೆತ ಇಲ್ಲ ಈಗ" ಎಂದ. ಅತ್ತೆ ಎದ್ದಳು. ನಡುಹೊಳೆಯಿಂದ ಹಿಂದಕ್ಕೆ ಬರುವ ಪದ್ಧತಿ ಅಂಬಿಗರಲ್ಲಿಲ್ಲ. ಆಚೆ ದಡಕ್ಕೇ ಕರೆದುಕೊಂಡು ಹೋದ.

ಆಚೆ ಇಳಿದೆವು. ಮಾವ ತಿರುಗಿ ತಾನು ಬಂದ ದಾರಿ ನೋಡಿದ. ಅತ್ತೆ ಅವನ ಮುಖ ನೋಡಿದಳು.

"ಅಲ್ಲಾಡ್ತದೆ" ಎಂದ ಮಾವ.

"ಹೌದು" ಎಂದೆ.

"ಮೊದ್ಲಿಂದು ಹೊಳೆ ತಕಂಡ್ ಹೋಗಿತ್ತು ಅಂದ ಅಲ್ದಾ, ಹೂವಿನಂವ?"

"ಹೌದು."

"ಹಂಗಾರೆ ಇದು ಸೇತುವೆ ಅಲ್ಲ. ಸಂಕ. ಹೊನ್ನಮ್ಮ ಹೇಳಿದ್ದೇ ಸರಿ."

ಮದುವೆಯಾದ ಮೇಲೆ ಅತ್ತೆಯ ಮಾತನ್ನು ಮಾವ ಒಪ್ಪಿಕೊಂಡದ್ದು ಅದೇ ಮೊದಲು. ಅದು ಅವಳಿಗೆ ಬೇಡವಾದ ಹೊತ್ತಿನಲ್ಲಿ ಬಂತು. ಶಪಥ ಮುರಿದಿರಲಿಲ್ಲ. ಅವಳ ಮುಖ ಬಾಡಿತು.

ಮಾವ ಮಾತ್ರ ಲವಲವಿಕೆಯಲ್ಲಿದ್ದ. ಸಂಕವೆಂದು ಇತ್ಯರ್ಥವಾದ ಮೇಲೆ ಅವನಿಗೆ ಅಡ್ಡಿಯೇ ಇರಲಿಲ್ಲ. ಆ ಇಡೀ ಮಧ್ಯಾಹ್ನ, ಹೆದರಿ ನಿಂತ ಮುದುಕಿಯರನ್ನು ಕೈ ಹಿಡಿದು ದಾಟಿಸಿದ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಅವರ ಮಾತು ಅವನಿಗೆ ತಿಳಿಯದು, ಅವನದು ಅವರಿಗೆ ತಿಳಿಯದು. ಪ್ರತಿಯೊಬ್ಬರಿಗೂ "ಎಷ್ಟ್ ಜನಾ?" ಎಂದು ಕೇಳುತ್ತಿದ್ದ. ಅವರು ಕೈಮುಗಿಯುತ್ತಿದ್ದರು. ಅಷ್ಟು ಸಂತೋಷವಾಗಿದ್ದ ಮಾವನನ್ನು ನಾನು ದೋಣಿ ಇದ್ದ ಕಾಲದ ನಂತರ ನೋಡಿರಲಿಲ್ಲ, ಮತ್ತು ನನ್ನ ಸಿಟ್ಟು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ.

ವಾಪಸು ರೈಲಿನಲ್ಲಿ ನನಗೊಂದು ಸಂಶಯ ಕಾಡಿತು. ಮಳೆಗಾಲದಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅಡಕೆ ಮರದ ಸಂಕ ದಾಟುತ್ತಿದ್ದ ಹೆಂಗಸು ಇವಳು. ಎರಡೂ ಕಡೆ ತಂತಿ ಬೇಲಿ ಇರುವಲ್ಲಿ ಇವಳ ಕಾಲು ಬರಲಿಲ್ಲವೆಂದರೆ ಹೇಗೆ? ಅತ್ತೆಯನ್ನು ಕೇಳಿದೆ.

"ಬಾಳೆಹಣ್ಣು ಹಾಳಾಗ್ತದೆ, ತಿನ್ನು" ಎಂದಳು.

ಬೇಲೆಕೇರಿ

ಹರಿದ್ವಾರದಿಂದ ತುಂಬಿ ತಂದ ಗಂಗೆಯ ನೀರಿನ ಗಿಂಡಿಯನ್ನು ಮಗಳ ಮನೆಗೆ ತಂದೆಯೇ ಒಯ್ದು ಕೊಡಬೇಕು, ಇನ್ನೊಬ್ಬರ ಕೈಯಲ್ಲಿ ಕಳಿಸಬಾರದು ಎಂಬ ಶಾಸ್ತ್ರವನ್ನು ಅತ್ತೆ ಹುಬ್ಬಳ್ಳಿಯಿಂದ ಈಚೆ ಎಲ್ಲೋ ಕಂಡುಹಿಡಿದಿದ್ದಳು. ಮಾವ ಎದುರು ಮಾತಾಡಲಿಲ್ಲ. ಊರಿಗೆ ಬಂದ ಮರುದಿನ ಬೆಳಿಗ್ಗೆ ಗಿಂಡಿ ಹಿಡಿದು ಹೊಳೆಯ ದಾರಿ ಹಿಡಿದ. ನಾವಿಬ್ಬರೂ ಹಿಂದೆ ಹೋದೆವು.

ಸೇತುವೆಯ ತುದಿಯಲ್ಲಿ ನಿಂತು ಚಪ್ಪಲಿ ಕಳಚಿದ. ಬರಿಗಾಲಿನ ಹೆಬ್ಬೆರಳನ್ನು ಮಾತ್ರ ಕಾಂಕ್ರೀಟಿನ ಮೇಲಿಟ್ಟ.

"ಅಲ್ಲಾಡೂದಿಲ್ಲ" ಎಂದು ಕಾಲು ತೆಗೆದ. ದಾರಿಯ ಬದಿಯಲ್ಲಿ ಕೂತ. ಆಚೆ ದಡದಲ್ಲಿ ಶಾಂತಿಯ ಮನೆಯ ಕೆಂಪು ಹೆಂಚು ಕಾಣುತ್ತಿತ್ತು.

ಅದಿರಿನ ಲಾರಿ ಬಂತು. ಹೇರು ಜೋರಿತ್ತು. ಅದು ಸೇತುವೆ ಹತ್ತಿದಾಗ ಮಾವ ಬಗ್ಗಿ ಅಂಗೈಯನ್ನು ಕಾಂಕ್ರೀಟಿನ ಮೇಲಿಟ್ಟ. ಗಿಂಡಿಯ ನೀರು ಸಣ್ಣಗೆ ನಡುಗಿತು. ಲಾರಿ ದಾಟುವ ತನಕ ಕೈ ತೆಗೆಯಲಿಲ್ಲ.

"ಸಣ್ಣಕೆ ಅಲ್ಲಾಡ್ತದೆ" ಎಂದ. "ಲಾರಿ ಇನ್ನೂ ಬತ್ತವಾ?"

"ಇಡೀ ದಿನ" ಎಂದೆ.

"ಹಂಗಾರೆ ಅಡ್ಡಿಲ್ಲ."

ಮುಂದಿನ ಲಾರಿ ಬಂದಾಗ ಅದರ ಬದಿಯಲ್ಲೇ ನಡೆಯಲು ಶುರು ಮಾಡಿದ. ನಾವು ಹಿಂದೆ. ಲಾರಿಗೆ ನಮ್ಮ ಶಾಸ್ತ್ರ ತಿಳಿಯದು, ಅದು ಮುಂದೆ ಹೋಯಿತು. ಸರಿ ನಡುವೆ ನಡುಕ ನಿಂತಿತು. ಮಾವನೂ ನಿಂತ. ಅವನ ಕೆಳಗಿದ್ದದ್ದು ಈಗ ಅಪ್ಪಟ ಸೇತುವೆ. ಮೂವರೂ ಕತ್ತು ತಿರುಗಿಸಿ ಹಿಂದೆ ನೋಡಿದೆವು. ದಾರಿ ಖಾಲಿಯಿತ್ತು. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ.

ಆಚೆ ದಡದಲ್ಲಿ ಶಾಂತಿ ಮಗುವನ್ನು ಎತ್ತಿಕೊಂಡು ಹೊಳೆಯಂಚಿಗೆ, ಹಿಂದೆ ದೋಣಿ ನಿಲ್ಲುತ್ತಿದ್ದ ಜಾಗಕ್ಕೆ, ಇಳಿದು ಬಂದಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಒಂದು ಕೈ ಬಾಯಿಗೆ ಹಿಡಿದಳು.

"ಓ... ದೋಣೀ..."

ಅತ್ತೆ ನನ್ನ ಕಡೆ ನೋಡದೆಯೇ, "ನಾ ಹೇಳ್ಕೊಟ್ಟದ್ದಲ್ಲ" ಎಂದಳು.

ಮಾವ ಗಿಂಡಿಯನ್ನು ಎಡಗೈಗೆ ಬದಲಿಸಿದ. ಬಲಗೈ ಬಾಯಿಗೆ ಹಿಡಿದು ಕೇಳಿದ:

"ಎಷ್ಟ್ ಜನಾ?"

"ಇಬ್ರು ಅಪ್ಪಾ" ಎಂದಳು ಶಾಂತಿ.

ಆಮೇಲೆ ಬಂದ ಲಾರಿ, ನಡುದಾರಿಯಲ್ಲಿ ನಿಂತ ನನಗೂ ಅತ್ತೆಗೂ ಹಾರ್ನು ಹೊಡೆಯಿತು. ಮಾವ ಅಷ್ಟರಲ್ಲಿ ಆಚೆ ದಡದಲ್ಲಿದ್ದ.